ಒಂಬತ್ತನೆಯ ಸುತ್ತು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಬೈಯುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಮೂಗಿನ ತುದಿಗೆ ಬರುವಷ್ಟು ಹೊತ್ತು ಕೂಡ ಅದು ಕಾಯುತ್ತಿರಲಿಲ್ಲ. ಕೊಳಕೂರಿನ ರೈತರ ಮನೆಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಆಳಂದದ ಒಂದು ತಗಡಿನ ಶೆಡ್ಡಿಗೆ ನಾನು ಕೆಲಸಕ್ಕೆ ಸೇರಿದಾಗ ನನ್ನ ಬಳಿ ಇದ್ದದ್ದು ಎರಡೇ: ಆ ಸಿಟ್ಟು ಮತ್ತು ಒಂದು ಮಲ್ಟಿಮೀಟರು.

ಶೆಡ್ಡಿನಲ್ಲಿ ನಾವು ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕು ತಯಾರಿಸುತ್ತಿದ್ದೆವು. ಈಗ ಎಲ್ಲಿ ನೋಡಿದರೂ ಎಲ್‌ಇಡಿ, ಚೋಕು ಎಂದರೆ ಏನೆಂದು ಮಕ್ಕಳಿಗೆ ಹೇಳಿಕೊಡಬೇಕು. ಟ್ಯೂಬ್‌ಲೈಟಿಗೆ ಸುಮ್ಮನೆ ಕರೆಂಟು ಕೊಟ್ಟರೆ ಅದು ಹೊತ್ತುವುದೇ ಇಲ್ಲ. ಹೊತ್ತಿದ ಮೇಲೆ ಹಿಡಿದು ನಿಲ್ಲಿಸದಿದ್ದರೆ ಕೊಟ್ಟಷ್ಟೂ ನುಂಗಿ ಸುಟ್ಟುಹೋಗುತ್ತದೆ. ಹೊತ್ತಿಸುವುದು, ಆಮೇಲೆ ಅಂಕೆಯಲ್ಲಿಡುವುದು, ಎರಡೂ ಚೋಕಿನ ಕೆಲಸ. ಹಳೆಯ ಕಬ್ಬಿಣದ ಚೋಕು ಗುಂಯ್ ಎನ್ನುತ್ತ ಅದನ್ನು ಮಾಡುತ್ತಿತ್ತು, ವೋಲ್ಟೇಜು ಇಳಿದರೆ ಮಾತ್ರ ಮಿಣಮಿಣ ಎಂದು ಅಲ್ಲೇ ಸೋತು ಕೂರುತ್ತಿತ್ತು. ನಮ್ಮ ಎಲೆಕ್ಟ್ರಾನಿಕ್ ಚೋಕಿನಲ್ಲಿ ಎರಡು ಟ್ರಾನ್ಸಿಸ್ಟರುಗಳು ಸರದಿಯ ಮೇಲೆ, ಕಣ್ಣಿಗೆ ಕಾಣದಷ್ಟು ವೇಗವಾಗಿ ಕರೆಂಟನ್ನು ಅತ್ತ ಇತ್ತ ದಬ್ಬುತ್ತಿದ್ದವು. ಯಾರ ಸರದಿ ಯಾವಾಗ ಎಂದು ಆ ಎರಡಕ್ಕೂ ಹೇಳುತ್ತಿದ್ದದ್ದು ಕಿರುಬೆರಳಿನಷ್ಟು ಅಗಲದ ಒಂದು ಕಪ್ಪು ಉಂಗುರ. ಅದರ ಮೇಲೆ ಮೂರು ಮೂರು ಸುತ್ತಿನ ಎರಡು ತಂತಿ, ಎಂಟು ಸುತ್ತಿನ ಇನ್ನೊಂದು ತಂತಿ. ನೋಡಿದರೆ ಆಟದ ಸಾಮಾನು, ಕೈ ಕೊಟ್ಟರೆ ಇಡೀ ಚೋಕು ಮಣ್ಣುಪಾಲು.

ಶೆಡ್ಡಿನ ಮಾಲಕರು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಚೋಕು ಜೋಡಿಸುತ್ತಿದ್ದವರು ಏಳು ಮಂದಿ ಹೆಂಗಸರು. ಅವರಲ್ಲಿ ಉಂಗುರಗಳಿಗೆ ತಂತಿ ಸುತ್ತುವವರು ಇಬ್ಬರು: ಒಬ್ಬಳು ಆಳಂದದವಳೇ, ಹತ್ತನೇ ತರಗತಿ ಓದಿದ ಹುಡುಗಿ. ಇನ್ನೊಬ್ಬಳು ಮಾದನಹಿಪ್ಪರಗಾದಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಅವಳನ್ನು ಎಲ್ಲರೂ ಚಿಗವ್ವ ಎನ್ನುತ್ತಿದ್ದೆವು. ಅವಳ ಗಂಡ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದ. ಅವನ ಜೊತೆ ಕೂತು ಕೂತು ಅವಳ ಕೈಗೂ ಆ ವಿದ್ಯೆ ಹತ್ತಿತ್ತು, ಅವನು ತೀರಿಕೊಂಡ ಮೇಲೆ ಆ ವಿದ್ಯೆಯೇ ಅವಳ ಅನ್ನ. ಓದು ಬರಹ ಬಾರದು. ಆದರೆ ಅವಳು ಸುತ್ತಿದ ತಂತಿ ಒಂದರ ಮೇಲೊಂದು ಹತ್ತುತ್ತಿರಲಿಲ್ಲ, ಸಡಿಲವಾಗುತ್ತಿರಲಿಲ್ಲ, ಕೂದಲೆಳೆಯಷ್ಟೂ ಅತ್ತಿತ್ತ ಸರಿಯುತ್ತಿರಲಿಲ್ಲ. ನನ್ನನ್ನು ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ ಬಾಯಾರ ಎನ್ನುತ್ತಿದ್ದಳು. ನನಗೆ ಅದು ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಅಫಜಲಪುರದ ಒಂದು ವಿದ್ಯಾರ್ಥಿನಿಯರ ಹಾಸ್ಟೆಲಿನವರು ಎಲ್ಲ ಕೋಣೆಗಳಿಗೂ ನಮ್ಮ ಚೋಕು ಕೇಳಿದರು. ಒಂದೇ ಷರತ್ತು, ಚೋಕಿನ ಮೇಲೆ ಸರಕಾರಿ ಗುಣಮಟ್ಟದ, ಅಂದರೆ ಮಾನಕದ, ಗುರುತು ಇರಬೇಕು. ಆ ಗುರುತಿಗೆ ಎರಡು ಮೆಟ್ಟಿಲು. ಮೊದಲು ಐದು ಚೋಕುಗಳನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಪಾಸಾದರೆ ಅಧಿಕಾರಿಯೊಬ್ಬರು ಶೆಡ್ಡಿಗೇ ಬಂದು, ಪ್ರತಿ ಚೋಕನ್ನೂ ಒಂದೇ ತರಹ ಮಾಡುತ್ತೇವೋ ಇಲ್ಲವೋ ನೋಡಬೇಕು.

ಮಾನಕದ ಪುಸ್ತಕವನ್ನು ನಾನು ಮೂರು ಸಲ ಓದಿದೆ. ಬೀಗರ ಮನೆಯ ಹಿರಿಯಳ ಹಾಗೆ ಅದು, ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ಟ್ಯೂಬಿಗೆ ಇಷ್ಟೇ ಕರೆಂಟು ಹೋಗಬೇಕು, ಡಬ್ಬಿ ಇಷ್ಟೇ ಬಿಸಿಯಾಗಬೇಕು, ಮುಟ್ಟಿದವರಿಗೆ ಷಾಕ್ ಹೊಡೆಯಬಾರದು, ಪಕ್ಕದ ಮನೆಯ ರೇಡಿಯೊ ಕರಕರ ಎನ್ನಬಾರದು, ಟ್ಯೂಬು ಹಳತಾಗಿ ಸತ್ತರೂ ಚೋಕು ಸಾಯಬಾರದು. ನಾನು ಒಂದೊಂದಕ್ಕೂ ಲೆಕ್ಕ ಹಾಕಿ ವಿನ್ಯಾಸ ಮಾಡಿದೆ. ಯಾವ ಸುರುಳಿಗೆ ಎಷ್ಟು ಸುತ್ತು ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಓದಲು ಬಾರದ ಚಿಗವ್ವನಿಗೆ ಬಾಯಲ್ಲಿ ಹೇಳಿದೆ. “ದೊಡ್ಡದು ಎಂಟು ಸುತ್ತು ಚಿಗವ್ವ, ಸಣ್ಣವು ಮೂರು ಮೂರು.” ಅವಳು “ಹೌದ್ರಿ ಬಾಯಾರ” ಎಂದಳು. ಐದು ಚೋಕು ಹೈದರಾಬಾದಿಗೆ ಹೋದವು.

ಮೂರು ಪಾಸಾದವು. ಎರಡರಲ್ಲಿ ಟ್ಯೂಬಿಗೆ ಕರೆಂಟು ಮಿತಿ ಮೀರಿ ಹೋಗುತ್ತಿದೆ, ಡಬ್ಬಿ ವಿಪರೀತ ಬಿಸಿಯಾಗುತ್ತಿದೆ ಎಂದು ವರದಿ ಬಂತು. ಐದೂ ಫೇಲಾಗಿದ್ದರೆ ನನ್ನ ಲೆಕ್ಕ ತಪ್ಪು ಎಂದು ಗೊತ್ತಾಗುತ್ತಿತ್ತು. ಮೂರು ಪಾಸು, ಎರಡು ಫೇಲು ಎಂದರೆ ಏನು ಹೇಳುವುದು? ಮಾಲಕರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಲ್ಲಗೆ ಹೇಳಿದರು: “ಇನ್ನೊಂದ್ ಸಲ ಕಳಸೋಣ. ಅದೂ ಫೇಲಾತಂದ್ರ ಹಾಸ್ಟೆಲಿನವ್ರು ಬ್ಯಾರೆ ಕಡೆ ಹೋಗ್ತಾರ. ಈ ಶೆಡ್ಡಿಗಿ ಕೀಲಿ ಹಾಕೋದಾ ಮತ್ತ.” ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಏಳು ಮನೆಯ ಒಲೆ ಆ ಶೆಡ್ಡಿನ ಮೇಲೆ ನಿಂತಿತ್ತು, ಎಂಟನೆಯದು ನನ್ನದು.

ಎರಡು ವಾರ ನಾನು ಟ್ರಾನ್ಸಿಸ್ಟರು ಮಾರಿದವನನ್ನು ಬೈದೆ. ಕೆಪಾಸಿಟರುಗಳನ್ನು ಬೈದೆ. ಹೈದರಾಬಾದಿನವರ ಮೀಟರೇ ಸರಿಯಿಲ್ಲ ಎಂದೂ ಒಂದು ದಿನ ಅಂದುಬಿಟ್ಟೆ. ಕುಣಿಯಲಾರದವಳಿಗೆ ಅಂಗಳ ಡೊಂಕು. ಕೊನೆಗೆ ಫೇಲಾದ ಎರಡೂ ಚೋಕು ವಾಪಸು ಬಂದಾಗ ಬಿಚ್ಚಿ, ಉಂಗುರ ಕಿತ್ತು, ಸೂಜಿ ಹಿಡಿದು ಸುತ್ತು ಎಣಿಸಿದೆ. ಎಂಟು ಇರಬೇಕಾದಲ್ಲಿ ಒಂಬತ್ತು. ಎರಡರಲ್ಲೂ ಒಂಬತ್ತು. ಚಿಗವ್ವನ ತಟ್ಟೆಯಲ್ಲಿದ್ದ ಉಂಗುರ ಎತ್ತಿ ಎಣಿಸಿದೆ, ಅದೂ ಒಂಬತ್ತು. ಆ ಹುಡುಗಿಯ ತಟ್ಟೆಯಲ್ಲಿದ್ದವು ಎಂಟು.

ಆಗ ನನ್ನ ಬಾಯಿಂದ ಬಂದ ಮಾತು ಇದು, ಏಳು ಮಂದಿಯ ಮುಂದೆ, ಗಟ್ಟಿ ದನಿಯಲ್ಲಿ: “ಎಂಟರ ತನಕ ಎಣಸಾಕ ಬರಂಗಿಲ್ಲೇನು ನಿನಗ? ನಿನ್ ಸಲುವಾಗಿ ಎಲ್ಲಾರ ಹೊಟ್ಟಿ ಮ್ಯಾಲ ಕಲ್ಲು ಬಿತ್ತು ನೋಡು!”

ಚಿಗವ್ವ ಸುತ್ತುತ್ತಿದ್ದ ಉಂಗುರವನ್ನು ತಟ್ಟೆಯಲ್ಲಿಟ್ಟಳು. “ನಾ ಬರೋಬ್ಬರಿ ಎಂಟಾ ಸುತ್ತೇನ್ರಿ” ಎಂದಳು. ನಾನು ಒಂಬತ್ತು ಸುತ್ತಿನ ಉಂಗುರವನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಸೆರಗು ಕೊಡವಿ, ಬುತ್ತಿಯ ಗಂಟು ಎತ್ತಿಕೊಂಡು ಹೊರಗೆ ನಡೆದಳು. ಬುತ್ತಿ ಇನ್ನೂ ಬಿಚ್ಚಿರಲಿಲ್ಲ, ಊಟದ ಹೊತ್ತು ಆಗಿರಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ಆ ಹುಡುಗಿಯೊಬ್ಬಳೇ ಎಲ್ಲ ಉಂಗುರ ಸುತ್ತಲು ಹೋಗಿ ಬೆರಳು ಕೊಯ್ದುಕೊಂಡಳು. ಉಳಿದವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಂದು ಸಣ್ಣ ವಿಷಯ. ಅವಳು ಸುತ್ತಿದ ಅಷ್ಟೂ ಉಂಗುರಗಳನ್ನು ಎಣಿಸಿದೆ. ಒಂದರಲ್ಲೂ ಹತ್ತಿಲ್ಲ, ಒಂದರಲ್ಲೂ ಎಂಟಿಲ್ಲ. ಎಲ್ಲವೂ ಒಂಬತ್ತು. ಎಣಿಸಲು ಬಾರದವರು ಹೀಗೆ ತಪ್ಪುವುದಿಲ್ಲ. ಮೂರನೆಯ ದಿನ ಮಾದನಹಿಪ್ಪರಗಾದ ಬಸ್ಸು ಹತ್ತಿದೆ.

ಅವಳದು ಫರಸಿ ಕಲ್ಲಿನ ತಗ್ಗು ಮನೆ. ಕಿಟಕಿ ಇಲ್ಲ, ಮಟಮಟ ಮಧ್ಯಾಹ್ನವೂ ಒಳಗೆ ದೀಪ ಬೇಕು. ನಾನು ಬಾಗಿಲಲ್ಲಿ ನಿಂತಾಗ ಚಿಗವ್ವ ಗಿರಣಿಗೆ ಕಳಿಸಲು ಚೀಲಕ್ಕೆ ಜೋಳ ಅಳೆದು ಹಾಕುತ್ತಿದ್ದಳು. “ಬರ್ರಿ ಬಾಯಾರ, ಕೂಡ್ರಿ” ಎಂದಳು. ದನಿಯಲ್ಲಿ ಸಿಟ್ಟಿಲ್ಲ, ಸಲಿಗೆಯೂ ಇಲ್ಲ. ನೀರು ಕೊಟ್ಟು ಮತ್ತೆ ಜೋಳದ ಮುಂದೆ ಕೂತಳು. ಪಕ್ಕದ ಮನೆಯ ಮುದುಕಿ ಹೊರಗಿನಿಂದ, “ಎಷ್ಟ್ ಸೇರು ಹಾಕಾಕತ್ತೀ?” ಎಂದು ಕೇಳಿದಳು. “ಐದು” ಎಂದು ಚಿಗವ್ವ ಹೇಳಿ, ಸೇರು ತುಂಬಿ ಚೀಲಕ್ಕೆ ಸುರಿದಳು.

“ಲಾಭ.”

ಮತ್ತೆ ತುಂಬಿ ಸುರಿದಳು. “ಒಂದು.” ಮತ್ತೆ. “ಎರಡು.” ಮೂರು, ನಾಲ್ಕು, ಐದು. ಚೀಲದ ಬಾಯಿ ಕಟ್ಟಿದಳು.

ನಾನು ನೀರಿನ ಲೋಟ ಕೆಳಗಿಟ್ಟೆ. “ಚಿಗವ್ವ, ಆರು ಸೇರು ಹಾಕ್ದಿಯಲ್ಲ?”

“ಐದ್ರಿ.”

“ಮೊದಲಿಂದು?”

“ಅದು ಲಾಭ ರೀ. ದೇವರದ್ದು. ಅದನ್ನ ಯಾರರೇ ಎಣಿಕ್ಯಾಗ ಹಿಡೀತಾರೇನ್ರಿ?”

ಕೊಳಕೂರಿನ ನಮ್ಮ ಮನೆಯಲ್ಲೂ ರಾಶಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆದರೆ ನಮ್ಮಲ್ಲಿ ಲಾಭ ಆದ ಮೇಲೆ ಎರಡು. ಅಪ್ಪನ ದನಿಯಲ್ಲಿ “ಲಾಭ, ಎರಡು, ಮೂರು” ಕೇಳುತ್ತಲೇ ಬೆಳೆದವಳು ನಾನು. ಲಾಭದ ನಂತರ ಒಂದು ಬರುವ ಮನೆಯೂ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ತಂತಿ ಸುತ್ತುವಾಗಲೂ ಹೀಗೇ ಎಣಿಸುತ್ತೀಯಾ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಎಣಿಸುವ ಕೆಲಸ ಯಾವುದಾದರೂ ಮೊದಲನೆಯದು ಲಾಭವಲ್ಲವೇ? ಮೂರು ಸುತ್ತಿನ ತಂತಿಗೆ ಎಣಿಕೆಯೇ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು, ಹಾಗಾಗಿ ಅವು ಸರಿ ಇದ್ದವು. ಗಂಡನೊಡನೆ ಇಷ್ಟು ವರ್ಷ ಮೋಟಾರು ಸುತ್ತಿದಾಗ ಅರವತ್ತು ಎಪ್ಪತ್ತು ಸುತ್ತಿನಲ್ಲಿ ದೇವರ ಒಂದು ಸುತ್ತು ಯಾವ ಮೋಟಾರನ್ನೂ ಕೆಡಿಸಲಿಲ್ಲ. ಎಂಟರಲ್ಲಿ ಒಂದು ಹೆಚ್ಚಾದರೆ ಮಾತ್ರ ಸುಡುತ್ತದೆ. ಅದನ್ನು ಅವಳಿಗೆ ಹೇಳಬೇಕಿದ್ದವಳು ನಾನು, ಹೇಳಿರಲಿಲ್ಲ. ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಅವಳ ಕಣ್ಣು ತಪ್ಪಿಸಿ ತಲೆ ಎತ್ತಿದಾಗ ಗೋಡೆಯ ಮೇಲಿನ ಟ್ಯೂಬ್‌ಲೈಟು ಕಣ್ಣಿಗೆ ಬಿತ್ತು. ಹಾಲಿನಂಥ ಬೆಳಕು, ಒಂಚೂರು ಅಲುಗಾಟವಿಲ್ಲ. ಹೊಲಗಳಲ್ಲಿ ಪಂಪ್‌ಸೆಟ್ಟು ಓಡಿ ವೋಲ್ಟೇಜು ಇಳಿಯುವ ಹೊತ್ತು, ಪಕ್ಕದ ಮನೆಯಲ್ಲಿ ಕಬ್ಬಿಣದ ಚೋಕಿನ ಟ್ಯೂಬು ಮಿಣಮಿಣ ಎನ್ನುತ್ತಿರುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಚೀಲದಿಂದ ಮಲ್ಟಿಮೀಟರು ತೆಗೆದು ಪ್ಲಗ್ಗಿಗೆ ಹಿಡಿದೆ. ಇನ್ನೂರ ಮೂವತ್ತು ವೋಲ್ಟು ಇರಬೇಕಾದಲ್ಲಿ ನೂರೈವತ್ತಕ್ಕೂ ಕೆಳಗೆ. ನನ್ನ ಎಂಟು ಸುತ್ತಿನ ಚೋಕು ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸೋತು ಆರಿಹೋಗುತ್ತದೆ, ಶೆಡ್ಡಿನಲ್ಲೇ ನೋಡಿದ್ದೆ.

“ಇದು ಯಾವ ಚೋಕು?”

“ನಮ್ದಾ ರೀ. ಡಬ್ಬಿ ಸೊಟ್ಟಾಗೇದ ಅಂತ ನೀವು ಬಿಸಾಕಿದ್ರಿ, ಮಾಲಕ್ರಿಗಿ ಕೇಳಿ ತಂದೆ. ನಾನಾ ಸುತ್ತಿದ್ದು.”

ಅಲ್ಲೇ ನೆಲದ ಮೇಲೆ ಕೂತು, ಜೋಳದ ಹೊಟ್ಟಿನ ನಡುವೆ ಹಾಳೆ ಹರಡಿ ಲೆಕ್ಕ ಹಾಕಿದೆ. ಒಂಬತ್ತನೆಯ ಸುತ್ತು ಟ್ರಾನ್ಸಿಸ್ಟರುಗಳಿಗೆ ಕೊಂಚ ಹೆಚ್ಚು ಬಲ ಕೊಡುತ್ತಿತ್ತು. ಪೂರ್ತಿ ವೋಲ್ಟೇಜು ಇರುವ ಹೈದರಾಬಾದಿನಲ್ಲಿ ಆ ಬಲ ಅತಿಯಾಗಿ ಟ್ಯೂಬಿಗೆ ಕರೆಂಟು ಏರುತ್ತಿತ್ತು. ಮಾದನಹಿಪ್ಪರಗಾದ ಮಧ್ಯಾಹ್ನಕ್ಕೆ ಅದೇ ಬಲ ಬೇಕಾಗಿತ್ತು. ಹಾಗಾದರೆ ಒಂಬತ್ತನ್ನು ಉಳಿಸಿಕೊಂಡು, ಉಂಗುರದಿಂದ ಬೇರೆಯೇ ಆಗಿ, ಟ್ಯೂಬಿಗೆ ಹೋಗುವ ಕರೆಂಟನ್ನು ತಡೆಯಲು ಇರುವ ಇನ್ನೊಂದು ದೊಡ್ಡ ಸುರುಳಿಯನ್ನೇ ಇನ್ನಷ್ಟು ಬಿಗಿ ಮಾಡಿದರೆ? ಮಾನಕದ ಮಿತಿಯೂ ಉಳಿದೀತು, ಊರಿನ ಬೆಳಕೂ ಉಳಿದೀತು. ಮಾನಕದ ಪುಸ್ತಕ ಓದಿ ಓದಿ ನಾನು ಹೈದರಾಬಾದಿಗೆ ಚೋಕು ಮಾಡಿದ್ದೆ. ಇಲ್ಲಿಗೆ ಮಾಡುವುದು ಮರೆತೇಹೋಗಿತ್ತು. ಖುಷಿಗೆ ಅವಳ ಕೈ ಹಿಡಿದು, “ಚಿಗವ್ವ, ನಾಳಿ ಬಾ. ಕೆಲಸ ಅದ” ಎಂದೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. “ಎಲ್ಲಾರ ಮುಂದ ಅಂದೀರಿ. ಇಲ್ಲಿ ಒಬ್ಬಾಕಿ ಮುಂದ ಕೈ ಹಿಡದ್ರ ಹ್ಯಾಂಗ್ರಿ?”

ಮಾತು ನ್ಯಾಯವಾಗಿತ್ತು. ಮರುದಿನ ಅವಳು ಬಂದಳು, ಶೆಡ್ಡಿನ ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ನಾನು ಎಲ್ಲರ ಕೆಲಸ ನಿಲ್ಲಿಸಿ ಹೇಳಿದೆ: “ಚಿಗವ್ವ ಎಣಿಸಿದ್ದು ಬರೋಬ್ಬರಿ ಇತ್ತು. ಹ್ಯಾಂಗ ಎಣಸ್ತಿ ಅಂತ ನಾನಾ ಕೇಳಲಿಲ್ಲ. ತಪ್ಪು ನಂದು. ಹಂಗ ಅನಬಾರದಿತ್ತು.” ಚಿಗವ್ವ ಚಪ್ಪಲಿ ಬಿಟ್ಟು ಒಳಗೆ ಬಂದು ತನ್ನ ಮಣೆಯ ಮೇಲೆ ಕೂತಳು. “ನಡೀರಿ, ಹೊತ್ತಾಗ್ಯಾದ” ಎಂದಳು, ಅಷ್ಟೇ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ಕಡೆಗೆ ಒಂದು ಸಜ್ಜೆ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಬಂತು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಎಲ್ಲರಿಗೂ ಹೇಳಿದೆ, ಯಾರೂ ನಂಬಲಿಲ್ಲ.

ಹೊಸ ವಿನ್ಯಾಸ ಮುಗಿದಾಗ ಒಂದು ಫಜೀತಿ ಎದುರಾಯಿತು. ಹಾಸ್ಟೆಲಿನ ಅಷ್ಟು ಚೋಕಿಗೆ ಇಬ್ಬರು ಸಾಲದು, ಇನ್ನು ಏಳೂ ಮಂದಿ ಉಂಗುರ ಸುತ್ತಬೇಕಿತ್ತು. ಹಾಳೆಯಲ್ಲಿ ಈಗ ಒಂಬತ್ತು ಎಂದು ಬರೆದು, ಹಾಗೆಯೇ ಬಾಯಲ್ಲಿ ಹೇಳಿದರೆ ಚಿಗವ್ವ ಹತ್ತು ಸುತ್ತುತ್ತಾಳೆ. ಅವಳಿಗೆ ಎಂಟು, ಉಳಿದವರಿಗೆ ಒಂಬತ್ತು ಎಂದು ಹೇಳಿದರೆ ಯಾವತ್ತಾದರೂ ಎಡವಟ್ಟು ತಪ್ಪಿದ್ದಲ್ಲ. ಲಾಭ ಎನ್ನುವುದನ್ನೇ ಬಿಟ್ಟು ಒಂದರಿಂದ ಎಣಿಸು ಎಂದು ಅವಳಿಗೆ ಹೇಳಬಹುದಿತ್ತು. ಆ ಮಾತು ಬಾಯಿಗೆ ಬಂದು ಹಿಂದಕ್ಕೆ ಹೋಯಿತು. ಬದಲಿಗೆ ಎಲ್ಲರೂ ಅವಳ ಹಾಗೆಯೇ ಎಣಿಸಬೇಕು, ಗಟ್ಟಿಯಾಗಿ ಎಣಿಸಬೇಕು ಎಂದು ಗೊತ್ತು ಮಾಡಿದೆ. ಮಾನಕದವರಿಗೆ ಕೊಡುವ ನಕ್ಷೆಯಲ್ಲಿ ಒಂಬತ್ತು, ಗೋಡೆಯ ಹಾಳೆಯಲ್ಲಿ “ಲಾಭ, ಆಮೇಲೆ ಎಂಟು”. ಕಲಿಸುವ ಕೆಲಸ ಚಿಗವ್ವನದು. ಹತ್ತನೇ ತರಗತಿಯ ಹುಡುಗಿ ಮೊದಮೊದಲು ನಕ್ಕಳು. ಗಟ್ಟಿಯಾಗಿ ಎಣಿಸುವಾಗ ಒಬ್ಬಳ ತಪ್ಪು ಪಕ್ಕದವಳ ಕಿವಿಗೇ ಬೀಳುತ್ತದೆ ಎಂದು ಗೊತ್ತಾದ ಮೇಲೆ ನಗುವುದು ಬಿಟ್ಟಳು. ಎರಡನೆಯ ಸಲ ಕಳಿಸಿದ ಐದಕ್ಕೆ ಐದೂ ಪಾಸಾದವು. ಮಾಲಕರು ವರದಿಯನ್ನು ಈ ಸಲ ಮಡಚಲಿಲ್ಲ.

ಉಳಿದದ್ದು ಅಧಿಕಾರಿಯ ಭೇಟಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದರು, ಅಚ್ಚುಕಟ್ಟಾದ ಮನುಷ್ಯ, ಮುಖದಲ್ಲಿ ನಗೆಯ ಸುಳಿವಿಲ್ಲ. ಬೆಸುಗೆ ನೋಡಿದರು, ಮೀಟರುಗಳ ಕಾಗದ ಕೇಳಿದರು. ಆಮೇಲೆ ಗೋಡೆಯ ಹಾಳೆಯ ಮುಂದೆ ನಿಂತು ಬಹಳ ಹೊತ್ತು ನೋಡಿ, “ಇದೇನು? ನಕ್ಷೆಯಲ್ಲಿ ಒಂಬತ್ತು ಇದೆ, ಇಲ್ಲಿ ಎಂಟು?” ಎಂದರು. ಮಾಲಕರ ಮುಖ ಸಪ್ಪಗಾಯಿತು. ನಾನು ಮಾದನಹಿಪ್ಪರಗಾದ ಜೋಳದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ, ನನ್ನ ಬೈಗುಳವನ್ನೂ ಬಿಡದೆ. ಅವರು ಎಲ್ಲ ತಟ್ಟೆಗಳಿಂದ ಕೈಗೆ ಸಿಕ್ಕ ಹತ್ತಾರು ಉಂಗುರ ಎತ್ತಿಕೊಂಡು, ಕಿಟಕಿಯ ಬಳಿ ನಿಂತು, ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ಎಣಿಸಿದರು. ಕೊನೆಯದನ್ನು ಕೆಳಗಿಟ್ಟು ಹೇಳಿದರು: “ಎಲ್ಲ ಒಂಬತ್ತು.” ತಮ್ಮ ಕಾಗದದಲ್ಲಿ ತೃಪ್ತಿಕರ ಎಂದು ಬರೆದು ಸಹಿ ಮಾಡಿದರು. ಮಾಲಕರು ಕುರ್ಚಿ ಹುಡುಕಿ ಕೂತುಬಿಟ್ಟರು.

ಪೆನ್ನು ಮುಚ್ಚುತ್ತ ಅಧಿಕಾರಿ ಕೇಳಿದರು, “ಇವರಿಗೆಲ್ಲ ಕಲಿಸಿದವರು ಯಾರು?”

ನಾನು ಚಿಗವ್ವನ ಕಡೆ ಕೈ ತೋರಿಸಿದೆ. ಅವರು ಅವಳ ಮಣೆಯ ಎದುರು ಹೋಗಿ ನಿಂತು, “ಏನಮ್ಮ, ನೀವು ಎಲ್ಲಿ ಕಲಿತಿರಿ?” ಎಂದರು. ಅವಳು ಅಷ್ಟರಲ್ಲಿ ಹೊಸ ಉಂಗುರ ಹಿಡಿದಾಗಿತ್ತು, ಎಣಿಕೆ ಮೂರಕ್ಕೆ ಬಂದಿತ್ತು. ತಲೆ ಎತ್ತಲಿಲ್ಲ. ಎಡಗೈಯ ಒಂದು ಬೆರಳು ಮಾತ್ರ ಎತ್ತಿ ತಡೆದಳು. ಅಧಿಕಾರಿ ಸುಮ್ಮನಾದರು. ಮಾಲಕರು ಕುರ್ಚಿಯಿಂದ ಎದ್ದು ನಿಂತರು. ನಾಲ್ಕು, ಐದು, ಆರು. ನಾವು ಮೂವರು, ದೊಡ್ಡವರು ಎನಿಸಿಕೊಂಡವರು, ಬಾಯಿ ಮುಚ್ಚಿಕೊಂಡು ಕಾದೆವು. ಏಳು, ಎಂಟು.

ಚಿಗವ್ವ ತಂತಿ ಕತ್ತರಿಸಿ, ಉಂಗುರವನ್ನು ಅವರ ಅಂಗೈಗೆ ಹಾಕಿ, “ಈಗ ಕೇಳ್ರಿ” ಎಂದಳು.